ಕೊನೆಯ ಪುಟದ ಒತ್ತಕ್ಷರ

ಹುಬ್ಬಳ್ಳಿಯಲ್ಲಿ ರೇಷ್ಮಾ ನದಾಫ ಎಂಬ ಹೆಣ್ಣುಮಗಳು ವಿಡಿಯೊ ಗೇಮ್ ಮಾಡುತ್ತಿದ್ದಳು. ಬೆಳಿಗ್ಗೆ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದು ಗೇಮ್ ಕಟ್ಟಲು ಕೂರುತ್ತಿದ್ದಳು. ಈಗಿನ ಝಗಮಗ ಗೇಮ್‌ಗಳೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಚಿಕ್ಕವಳಿದ್ದಾಗ ಟೀವಿಗೆ ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದರಲ್ಲ, ಅಂಥವು ಅವಳಿಗೆ ಇಷ್ಟ. ಚಿತ್ರವೆಲ್ಲ ದಪ್ಪ ದಪ್ಪ ಚುಕ್ಕಿಗಳಿಂದ ಆದದ್ದು. ಮನುಷ್ಯ ಎಂದರೆ ಹದಿನಾರು ಚುಕ್ಕಿ ಎತ್ತರ. ಬಣ್ಣ ನಾಲ್ಕೇ ನಾಲ್ಕು. ಅಂಥ ಗೇಮ್ ಎಷ್ಟು ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ.

ಕನ್ನಡದ ಒಂದು ಹಳೆಯ ಕಾದಂಬರಿಯನ್ನು ಹೀಗೆ ಗೇಮ್ ಮಾಡಬೇಕು ಎಂದು ಅವಳಿಗೆ ಬಹಳ ದಿನದ ಆಸೆ. ಕಾದಂಬರಿಯ ಹೆಸರು 'ಹದಿನೆಂಟು ಮೊಳ'. ಬರೆದವರು ಕೃಷ್ಣಾಬಾಯಿ ಹೆರಕಲ್ಲ. ಪುಸ್ತಕ ಅಚ್ಚಾಗಿ ಐವತ್ತೈದು ವರ್ಷವಾಗಿತ್ತು. ಅದು ತಮ್ಮ ಕೈಗೆ ಬಂದ ಹನ್ನೊಂದನೇ ದಿನಕ್ಕೆ ಕೃಷ್ಣಾಬಾಯಿ ತೀರಿಕೊಂಡಿದ್ದರು.

ಕಥೆ ಸರಳ. ನಾಗವ್ವ ಎಂಬ ಹೆಣ್ಣುಮಗಳ ಊರಿನಲ್ಲಿ ನೀರೆಲ್ಲ ಸವಳು. ಸಿಹಿನೀರಿನ ಬಾವಿ ಒಂದೇ, ಅದೂ ಅವಳ ಭಾವನ ಹೊಲದಲ್ಲಿ. ಒಂದು ದಿನ ಜಗಳವಾಗಿ ಭಾವ "ನನ್ನ ಬಾವಿಗೆ ಕಾಲಿಡಬೇಡ" ಎಂದ. ನಾಗವ್ವ ತನ್ನ ಹಿತ್ತಲಲ್ಲಿ ತಾನೇ ಬಾವಿ ತೋಡತೊಡಗಿದಳು. ಹನ್ನೆರಡು ವರ್ಷ ತೋಡಿದಳು. ಬಂಡೆ ಅಡ್ಡ ಬಂತು. ಹಾವು ಬಂತು. ಎರಡು ಸಲ ಮಣ್ಣು ಕುಸಿಯಿತು. ಹದಿನೆಂಟನೇ ಮೊಳಕ್ಕೆ ಸಿಹಿನೀರು ಚಿಮ್ಮಿತು. ಅಷ್ಟರಲ್ಲಿ ಭಾವನ ಬಾವಿ ಬತ್ತಿ, ಅವನ ಮನೆಯವರೆಲ್ಲ ಕೊಡ ಹಿಡಿದು ಅವಳ ಹಿತ್ತಲಿಗೆ ಬಂದು ನಿಂತರು. ಆಗ ಕಾದಂಬರಿಯ ಕೊನೆಯ ಸಾಲು ಬರುತ್ತದೆ: "ನಾಗವ್ವ ನಡೆದಳು."

ಎಲ್ಲಿಗೆ ನಡೆದಳು ಎಂದು ಪುಸ್ತಕ ಹೇಳುವುದಿಲ್ಲ. ಅವರತ್ತ ತಿರುಗಿಯೂ ನೋಡದೆ ಹೊರಟುಹೋದಳು ಎಂದು ಓದಿದವರೆಲ್ಲ ತಿಳಿದರು. ಆ ಒಂದು ಮಾತಿನ ಮೇಲೆ ತಿಳಿದವರು ಉದ್ದುದ್ದ ಲೇಖನ ಬರೆದರು.

ತೋಡುವ ಕಥೆ ಗೇಮಿಗೆ ಹೇಳಿ ಮಾಡಿಸಿದಂತಿತ್ತು. ರೇಷ್ಮಾ ಒಪ್ಪಿಗೆ ಕೇಳಲು ಧಾರವಾಡಕ್ಕೆ ಹೋದಳು. ಅಲ್ಲಿ ಕೃಷ್ಣಾಬಾಯಿಯವರ ಅಣ್ಣನ ಮಗಳು ಇಂದುಮತಿ ಇದ್ದರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಕಲಿಸುವ ಹೆಂಗಸರನ್ನು ಆ ಕಡೆ ಬಾಯಾರು ಎಂದು ಕರೆಯುತ್ತಾರೆ. ಎಲ್ಲರಿಗೂ ಅವರು ಇಂದುಮತಿ ಬಾಯಾರು.

ಬಾಯಾರು ಎಲ್ಲವನ್ನೂ ಕೇಳಿಸಿಕೊಂಡರು. "ನಾಗವ್ವನ್ನ ಹಾರಸ್ತೀಯೋ ಓಡಸ್ತೀಯೋ ನಿನಗ ಬಿಟ್ಟದ್ದು. ಆದರ ಕೊನೀ ಸಾಲು ಮುಟ್ಟಬ್ಯಾಡ. ಆಡೋರಿಗೆ ಖುಷಿ ಆಗಲಿ ಅಂತ ಅಲ್ಲೊಂದು ಹೊಸಾ ಕೊನಿ ಹಚ್ಚಿದ್ರ ನಾ ಒಪ್ಪಿಗಿ ವಾಪಸ್ ತಗೋತೀನಿ" ಎಂದರು.

"ಇಲ್ರಿ ಬಾಯಾರ, ಒಂದ್ ಅಕ್ಷರಾನೂ ಮುಟ್ಟೂದಿಲ್ಲ" ಎಂದು ರೇಷ್ಮಾ ಮಾತು ಕೊಟ್ಟಳು.

ಆ ಮಾತು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಹಳೆಯ ಬಗೆಯ ಗೇಮಿನಲ್ಲಿ ಒಂದೊಂದು ಅಕ್ಷರಕ್ಕೂ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಪುಟ್ಟ ಚೌಕ. ಇಂಗ್ಲಿಷ್ ಅಕ್ಷರ ಅದರಲ್ಲಿ ಹಾಯಾಗಿ ಕೂರುತ್ತದೆ. ಕನ್ನಡದ್ದು ಹಾಗಲ್ಲವಲ್ಲ ಮಕ್ಕಳೇ. ನಮ್ಮ ಅಕ್ಷರದ ಕೆಳಗೆ ಒತ್ತು ಇಳಿಯುತ್ತದೆ. ಎಂಟು ಚುಕ್ಕಿಯಲ್ಲಿ ಅಕ್ಷರ ಬರೆದರೆ ಒತ್ತಿಗೆ ಜಾಗವಿಲ್ಲ. ಒತ್ತಿಗೆ ಜಾಗ ಬಿಟ್ಟರೆ ಅಕ್ಷರ ಇರುವೆಯ ಹಾಗೆ ಕಾಣುತ್ತದೆ.

ಹೊತ್ತೂ ಕಡಿಮೆ ಇತ್ತು. ಬೆಂಗಳೂರಿನಲ್ಲಿ ಗೇಮ್‌ಗಳ ಒಂದು ಪ್ರದರ್ಶನ ನಡೆಯುವುದಿತ್ತು. ಅಲ್ಲಿ ಆಯ್ಕೆಯಾದ ಗೇಮನ್ನು ನೂರು ಶಾಲೆಗಳಿಗೆ ಹಂಚುತ್ತಿದ್ದರು. ಕಳಿಸಲು ಇನ್ನು ಮೂರೇ ವಾರ ಉಳಿದಿತ್ತು. ರೇಷ್ಮಾ ಯೋಚಿಸಿದಳು, ಯೋಚಿಸಿದಳು, ಕೊನೆಗೆ ಒತ್ತುಗಳನ್ನೆಲ್ಲ ತೆಗೆದುಹಾಕಿದಳು. ಆಡುವವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ ಅಂದುಕೊಂಡಳು.

ಹಾಗೆ ಮಾಡಿದ್ದನ್ನು ತಾಯಿಗೆ ತೋರಿಸಿದಳು. ತಾಯಿ ಕನ್ನಡಕ ಹಾಕಿಕೊಂಡು ಓದಿದರು: "ನಾಗವ ಸಂತೆಯಿಂದ ಅಕಿ ತಂದಳು." ಆ ಕಡೆ ಅಕಿ ಎಂದರೆ ಅವಳು. ತಾಯಿ ಮಗಳ ಮುಖ ನೋಡಿದರು.

"ಯಾವಾಕಿನ್ನ ತಂದ್ಲು ಸಂತ್ಯಾಗಿಂದ?"

"ಯಾವಾಕಿನ್ನೂ ಅಲ್ಲವ್ವಾ. ಅಕ್ಕಿ. ಉಣ್ಣೂ ಅಕ್ಕಿ."

"ಹಂಗಿದ್ರ ಹಂಗ ಬರೀಬೇಕಿಲ್ಲೋ? ಓದಿದ ಮಂದಿಗೆ ಈಕಿ ಯಾವದೋ ಹೆಂಗಸನ್ನ ಹೊತ್ಕೊಂಡ ಬಂದ್ಲು ಅನಸ್ತೈತಿ."

ರೇಷ್ಮಾಗೆ ನಗುವೂ ಬಂತು, ಅಳುವೂ ಬಂತು. ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡಳು. ಅದರ ಹಿಂಬದಿಯಲ್ಲಿ ಅಚ್ಚಿನ ಮನೆಯ ವಿಳಾಸ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿತ್ತು. ಅಷ್ಟು ಸಣ್ಣದರಲ್ಲೂ ಒಂದೊಂದು ಒತ್ತೂ ಸ್ಪಷ್ಟವಾಗಿತ್ತು. ಇವರು ಇಷ್ಟು ಜಾಗದಲ್ಲಿ ಹೇಗೆ ಕೂರಿಸಿದರು ಎಂದು ಅವಳಿಗೆ ಅಚ್ಚರಿಯಾಯಿತು. ವಿಳಾಸ ಗದಗಿನದು. ಮಾರನೇ ದಿನ ಕಾಲೇಜು ಮುಗಿಸಿ ಗದಗಿನ ಬಸ್ಸು ಹತ್ತಿದಳು.

ಅಚ್ಚಿನ ಮನೆ ಇದ್ದ ಜಾಗದಲ್ಲಿ ಈಗ ಲಗ್ನಪತ್ರಿಕೆಯ ಅಂಗಡಿ ಇತ್ತು. ಅಂಗಡಿಯವರು ಹಿಂದಿನ ಓಣಿಯ ಒಂದು ಮನೆ ತೋರಿಸಿದರು. ಅಲ್ಲಿ ವಿರೂಪಾಕ್ಷಪ್ಪ ಅಕ್ಕಸಾಲಿ ಇದ್ದರು. ಎಂಬತ್ತು ವರ್ಷ. ಒಂದು ಕಾಲಕ್ಕೆ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿ ಪುಟ ಕಟ್ಟುತ್ತಿದ್ದವರು. 'ಹದಿನೆಂಟು ಮೊಳ'ವನ್ನು ಮೊದಲಿನಿಂದ ಕೊನೆಯವರೆಗೆ ಜೋಡಿಸಿದವರು ಅವರೇ.

ಪುಸ್ತಕದ ಹೆಸರು ಕೇಳಿದ ಕೂಡಲೇ ಮುದುಕರ ಮುಖ ಒಂದು ಗಳಿಗೆ ಬಾಡಿದಂತಾಯಿತು. ರೇಷ್ಮಾ ಅದನ್ನು ಗಮನಿಸಲಿಲ್ಲ. ಅವಳು ಆಗಲೇ ಫೋನಿನಲ್ಲಿ ತನ್ನ ಪುಟ್ಟ ಚೌಕಗಳನ್ನು ತೋರಿಸುತ್ತಿದ್ದಳು.

"ಅಜ್ಜಾರ, ಇಷ್ಟ ಜಾಗದಾಗ ಒತ್ತು ಹೆಂಗ ಕೂಡಸೂದ್ರಿ?"

ವಿರೂಪಾಕ್ಷಪ್ಪ ಬಹಳ ಹೊತ್ತು ನೋಡಿದರು. "ಪರದೆ ಮ್ಯಾಲ ಒಂದ್ ಸಲಕ್ಕ ಎಷ್ಟ ಸಾಲು ತೋರಸ್ತಿ ತಂಗಿ?"

"ಮೂರು ರಿ."

"ಎರಡ ಮಾಡು. ಅಕ್ಷರಾ ಕಡಿಮಿ ಮಾಡಬ್ಯಾಡ, ಸಾಲ ಕಡಿಮಿ ಮಾಡು. ಉಳಿದ ಜಾಗದಾಗ ಒತ್ತು ಕಾಲ ಚಾಚಿ ಕುಂದರತಾವು."

ರೇಷ್ಮಾ ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದಕ್ಕೆ ಉತ್ತರ ಇಷ್ಟೇ ಆಗಿತ್ತು.

"ಮತ್ತ, ಒತ್ತಿನ ಪೂರಾ ಮೈ ಬರೀಬ್ಯಾಡ" ಎಂದರು ಮುದುಕರು. "ಗುರುತು ಸಿಕ್ಕರ ಸಾಕು. ತ-ಒತ್ತಿಗೆ ಅದರ ಕೊಕ್ಕಿ ಇರಲಿ. ಕ-ಒತ್ತಿಗೆ ಅದರ ಬಾಲ ಇರಲಿ. ಕಣ್ಣು ಉಳಿದದ್ದನ್ನ ತಾನ ತುಂಬಕೊಂತೈತಿ."

ಅಂದಿನಿಂದ ರೇಷ್ಮಾ ದಿನವೂ ಮಧ್ಯಾಹ್ನ ಗದಗಿಗೆ ಹೋದಳು. ವಿರೂಪಾಕ್ಷಪ್ಪ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಚೌಕ ತುಂಬುವುದು, ರೇಷ್ಮಾ ಅದನ್ನು ಕಂಪ್ಯೂಟರಿಗೆ ಏರಿಸುವುದು. ಒಂದು ಚುಕ್ಕಿ ಆ ಕಡೆ ಹೋದರೂ ಮುದುಕರು ಅಳಿಸಿ ಮತ್ತೆ ಬರೆಯುತ್ತಿದ್ದರು. ಎರಡು ವಾರದಲ್ಲಿ ಇನ್ನೂರಕ್ಕೂ ಹೆಚ್ಚು ಅಕ್ಷರ, ಒತ್ತು ಸಿದ್ಧವಾದವು. ಗೇಮೂ ಹೆಚ್ಚುಕಡಿಮೆ ಮುಗಿಯಿತು. ಚುಕ್ಕಿಯ ನಾಗವ್ವ ಚುಕ್ಕಿಯ ಗುದ್ದಲಿ ಎತ್ತಿ ತೋಡುತ್ತಿದ್ದಳು. ವಿರೂಪಾಕ್ಷಪ್ಪನವರೂ ಆಡಿ ನೋಡಿದರು. ಏಳನೇ ಮೊಳದ ಬಂಡೆಯನ್ನು ಅವರಿಗೆ ದಾಟಲಾಗಲಿಲ್ಲ. "ನಾಳಿಗೆ ನೋಡಕೊಂತೀನಿ ಇದನ್ನ" ಎಂದು ಬಂಡೆಗೆ ಬೆರಳು ತೋರಿಸಿ ಬೈದರು.

ಕಳಿಸಲು ಮೂರು ದಿನ ಉಳಿದಿತ್ತು. ಅಂದು ಕೊನೆಯ ಪುಟದ ಸರದಿ. ರೇಷ್ಮಾ ಪುಸ್ತಕ ತೆರೆದು ಅವರ ಮುಂದಿಟ್ಟಳು. ವಿರೂಪಾಕ್ಷಪ್ಪ ಪೆನ್ಸಿಲು ಕೆಳಗಿಟ್ಟರು.

"ಯಾಕ್ರಿ ಅಜ್ಜಾರ, ಕೈ ನೋಯಾಕತ್ತಾವೇನು?"

"ಈ ಸಾಲು ತಪ್ಪೈತಿ ತಂಗಿ."

"ಯಾವದ್ರಿ?"

"ಕೊನೀದು. ಅವರು ಬರದದ್ದು 'ನಾಗವ್ವ ನಡೆದಳು' ಅಂತ ಅಲ್ಲ. 'ನಾಗವ್ವ ನಕ್ಕಳು' ಅಂತ."

ಮುದುಕರು ಕಿಟಕಿಯ ಕಡೆ ನೋಡುತ್ತ ಹೇಳತೊಡಗಿದರು.

ಆಗ ಅವರಿಗೆ ಇಪ್ಪತ್ತೈದು ವರ್ಷ. ಕೃಷ್ಣಾಬಾಯಿ ಹಾಸಿಗೆ ಹಿಡಿದಿದ್ದರು. ಅವರ ಕಣ್ಣೆದುರೇ ಪುಸ್ತಕ ಬರಲಿ ಎಂದು ಎಲ್ಲರೂ ಅವಸರ ಮಾಡುತ್ತಿದ್ದರು. ತಿದ್ದಿ ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ಕೊನೆಯ ಪುಟದಲ್ಲಿ ಅಕ್ಕ, ಪಕ್ಕ, ಹಕ್ಕಿ, ಚಿಕ್ಕ ಎಂಬಂಥ ಮಾತೇ ತುಂಬಿದ್ದವು. ಅದನ್ನು ಜೋಡಿಸುತ್ತ ಬಂದು ಕಟ್ಟಕಡೆಯ ಮಾತಿಗೆ ಬಂದಾಗ ಕ-ಒತ್ತಿನ ಮೊಳೆ ಮುಗಿದುಹೋಗಿತ್ತು. ಉಳಿದವೆಲ್ಲ ಯಂತ್ರದ ಮೇಲಿದ್ದ ಬೇರೆ ಪುಟಗಳಲ್ಲಿ ಸಿಕ್ಕಿಕೊಂಡಿದ್ದವು. ಯಂತ್ರ ನಡೆಸುವವನು "ಆತೇನೋ, ಆತೇನೋ" ಎಂದು ಕೂಗುತ್ತಿದ್ದ.

"ಪಕ್ಕದ ಓಣ್ಯಾಗ ಇನ್ನೊಂದು ಪ್ರೆಸ್ ಇತ್ತು. ಓಡಿ ಹೋಗಿ ಒಂದ ಒಂದ್ ಒತ್ತು ಕೇಳಿ ತರಬಹುದಿತ್ತು. ಹತ್ತು ನಿಮಿಷದ ಹಾದಿ. ನಾ ಹೋಗಲಿಲ್ಲ. 'ನ' ಆಗಲೇ ಕುಂತಿತ್ತು. ಅದರ ಮುಂದ ಡೆ, ದ, ಳು ಇಟ್ಟುಬಿಟ್ಟೆ. ಎಲ್ಲಾ 'ಳು' ಅಂತನ ಮುಗೀತಾವು, ಯಾರು ನೋಡ್ತಾರ ಅಂದ್ಕೊಂಡೆ."

"ಆಮ್ಯಾಲ ಯಾರಿಗೂ ಹೇಳಲಿಲ್ಲೇನ್ರಿ?"

"ಎರಡನೇ ಸಲ ಅಚ್ಚು ಹಾಕುವಾಗ ಸರಿ ಮಾಡೋಣು ಅಂತ ಇದ್ದೆ. ಅದು ಬ್ಯಾರೆ ಊರಾಗ ಆತು, ಇದ ಪುಸ್ತಕಾ ನೋಡಿ. ಕೈಬರಹದ ಹಾಳಿ ರದ್ದಿಗೆ ಹೋಗಿದ್ವು. ಒಮ್ಮೆ ಪೇಪರಿನ್ಯಾಗ ಆ ಮಾತಿನ ಮ್ಯಾಲ ದೊಡ್ಡ ಲೇಖನ ಬಂತು. ಅಕಿ ಯಾಕ ನಡೆದಳು, ಅದರಾಗ ಎಂಥಾ ಸಿಟ್ಟು ಐತಿ, ಎಂಥಾ ನೋವು ಐತಿ ಅಂತ. ಅದನ್ನ ಓದಿದ ಮ್ಯಾಲ ಬಾಯಿ ಬಿಡಾಕ ಧೈರ್ಯನ ಆಗಲಿಲ್ಲ."

ರೇಷ್ಮಾ ಪುಸ್ತಕ ಮುಚ್ಚಿದಳು. ಗೇಮ್ ಸಿದ್ಧವಾಗಿದೆ. ಪುಸ್ತಕದಲ್ಲಿ ಇದ್ದದ್ದನ್ನೇ ಹಾಕಿ ಕಳಿಸಿದರೆ ಅವಳ ಮೇಲೆ ತಪ್ಪಿಲ್ಲ. ಕೊನೆಯ ಸಾಲು ಬದಲಾಗಬೇಕು ಎಂದು ಬಾಯಾರಿಗೆ ಹೇಳಿದರೆ ಅವರು ನಂಬುತ್ತಾರೆಯೇ? ಕೈಯಲ್ಲಿ ಒಂದು ಚೂರು ಸಾಕ್ಷಿ ಇಲ್ಲ. ಒಪ್ಪಿಗೆ ವಾಪಸ್ ಪಡೆದರೆ ಒಂದು ವರ್ಷದ ದುಡಿಮೆ ನೀರಿಗೆ ಹೋದಂತೆ. ನೂರು ಶಾಲೆಯ ಮಾತಂತೂ ದೂರವೇ ಉಳಿಯಿತು.

"ಅಜ್ಜಾರ," ಎಂದಳು ಮೆಲ್ಲಗೆ, "ಈಗ ಹಿಂಗ ಕಳಿಸಿಬಿಡೋಣ್ರಿ. ಹೇಳೂದನ್ನ ಆಮ್ಯಾಲ ಹೇಳೋಣಂತ. ಈಗ ಹೊತ್ತಿಲ್ರಿ."

ಮುದುಕರು ಅವಳನ್ನು ದಿಟ್ಟಿಸಿ ನೋಡಿದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಆವತ್ತು ನನಗೂ ಹೊತ್ತಿರಲಿಲ್ಲ ತಂಗಿ."

ರೇಷ್ಮಾ ತಲೆ ತಗ್ಗಿಸಿದಳು. ಬಸ್ಸಿನಲ್ಲಿ ಹುಬ್ಬಳ್ಳಿಯವರೆಗೂ ಆ ಮಾತು ಅವಳ ಕಿವಿಯಲ್ಲಿತ್ತು. ಮನೆ ಮುಟ್ಟಿದವಳೇ ವಿರೂಪಾಕ್ಷಪ್ಪನವರಿಗೆ ಫೋನು ಮಾಡಿದಳು. "ನಾಳೆ ಐತವಾರ ಐತ್ರಿ. ಬಾಯಾರ ಮನಿಗೆ ಹೋಗೋಣ್ರಿ, ಇಬ್ಬರೂ."

ಮರುದಿನ ಬೆಳಿಗ್ಗೆ ಧಾರವಾಡದ ಆ ಮನೆಯ ಪಡಸಾಲೆಯಲ್ಲಿ ಮುದುಕರು ನಿಂತೇ ಹೇಳಿದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಒಂದನ್ನೂ ಮುಚ್ಚಿಡಲಿಲ್ಲ. ಪಕ್ಕದ ಓಣಿಯ ಹತ್ತು ನಿಮಿಷದ ಹಾದಿಯನ್ನೂ ಹೇಳಿದರು. ಕೊನೆಗೆ ಕೈ ಮುಗಿದು, "ನಿಮ್ಮ ಅತ್ತಿಯವರ ಮಾತು ನಾ ಬದಲ ಮಾಡೀನ್ರಿ. ಏನ್ ಅನ್ನೂದೈತಿ ಅನ್ರಿ" ಎಂದರು.

ಇಂದುಮತಿ ಬಾಯಾರು ಕುರ್ಚಿಯ ಕೈ ಬಿಗಿಯಾಗಿ ಹಿಡಿದರು. ರೇಷ್ಮಾಗೆ ಎಲ್ಲ ಮುಗಿಯಿತು ಅನಿಸಿತು.

ಆಮೇಲೆ ಬಾಯಾರು ಮಾತಾಡಿದರು. ದನಿ ಸಣ್ಣಗಾಗಿತ್ತು.

"ನಾ ಆವಾಗ ಹತ್ತು ವರ್ಷದಾಕಿ. ಪುಸ್ತಕ ಬಂದ ದಿನಾ ಅತ್ಯಾನ ಹಾಸಿಗಿ ಹತ್ತಿರ ಕೂತಿದ್ದೆ. ಅವರು ಕೊನೀ ಪುಟ ತಗದು ನೋಡಿದ್ರು. ಭಾಳ ಹೊತ್ತು ನೋಡಿದ್ರು. ಆಮ್ಯಾಲ ನನ್ನ ಕಡೆ ತಿರುಗಿ, 'ನಗಲೇ ಇಲ್ಲಲ್ಲ, ಇಂದೂ' ಅಂದ್ರು. ಜ್ವರದಾಗ ಏನೋ ಬಡಬಡಸ್ತಾರ ಅಂತ ನಮ್ಮವ್ವ ಹಣಿಗೆ ಒದ್ದಿ ಅರಿಬಿ ಹಾಕಿದ್ಲು."

ಬಾಯಾರು ಸೆರಗಿನಿಂದ ಕಣ್ಣು ಒತ್ತಿಕೊಂಡರು.

"ಅದು ನನಗ ಅಂದದ್ದು ಅಂತ ತಿಳಕೊಂಡಿದ್ದೆ. ಅವರ ಪುಸ್ತಕ ಬಂದ ದಿನಾ ನಾನೇ ನಗಲಿಲ್ಲೇನೋ, ಅವರಿಗೆ ಬ್ಯಾಸರ ಆತೇನೋ ಅಂತ. ಐವತ್ತೈದು ವರ್ಷ ಹಂಗ ತಿಳಕೊಂಡು ಬಂದೀನಿ."

ವಿರೂಪಾಕ್ಷಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತರು.

"ಸಿಟ್ಟು ಬಂದದ ರೀ," ಎಂದರು ಬಾಯಾರು. "ಇಲ್ಲ ಅಂತ ಸುಳ್ಳು ಹೇಳೂದಿಲ್ಲ. ಆದರ ನೀವು ಇವತ್ತು ಬರದಿದ್ರ ನಾ ಇದನ್ನ ತಿಳೀದೇ ಸಾಯ್ತಿದ್ದೆ. ಮ್ಯಾಲ ಏಳ್ರಿ. ಚಹಾ ಕುಡೀರಿ." ಆಮೇಲೆ ರೇಷ್ಮಾಳ ಕಡೆ ತಿರುಗಿದರು. "ಕೊನೀ ಸಾಲು ಮುಟ್ಟಬ್ಯಾಡ ಅಂದಿದ್ದೆ. ಈಗೂ ಅದನ್ನ ಹೇಳತೀನಿ. ನಮ್ಮ ಅತ್ಯಾ ಬರದ ಸಾಲ ಹಾಕು."

ಮಾತು ಬದಲಾಯಿಸಲು ಒಂದು ನಿಮಿಷ ಸಾಕಾಯಿತು. ನಗಿಸುವುದು ಅಷ್ಟು ಸುಲಭವಾಗಲಿಲ್ಲ. ಹದಿನಾರು ಚುಕ್ಕಿ ಎತ್ತರದ ಹೆಂಗಸಿಗೆ ಮುಖ ಎಂದರೆ ಆರು ಚುಕ್ಕಿ ಅಗಲ. ರೇಷ್ಮಾ ಬಾಯಿಗೆ ಎರಡು ಬಿಳಿ ಚುಕ್ಕಿ ಇಟ್ಟಳು, ನಾಗವ್ವ ಆಕಳಿಸಿದಂತೆ ಕಂಡಿತು. ಮೂರು ಇಟ್ಟಳು, ಹೆದರಿ ಕಿರುಚಿದಂತೆ ಕಂಡಿತು. ಮೂರು ದಿನ ಹೀಗೇ ಕಳೆಯಿತು. ನಗದ ನಾಗವ್ವನನ್ನು ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ, ಕೊನೆಯ ದಿನ ದಾಟಿತು. ಗೇಮ್ ಬೆಂಗಳೂರಿಗೆ ಹೋಗಲಿಲ್ಲ. ರೇಷ್ಮಾ ಅಂದು ಅತ್ತಳು. ಮರುದಿನ ಮತ್ತೆ ಗದಗಿನ ಬಸ್ಸು ಹತ್ತಿದಳು.

"ಮುಖದಾಗ ಹುಡಕಬ್ಯಾಡ," ಎಂದರು ವಿರೂಪಾಕ್ಷಪ್ಪ. "ನಮ್ಮ ಹೆಣಮಕ್ಕಳು ಮನಸ್ ಬಿಚ್ಚಿ ನಕ್ಕರ ಮೈಯೆಲ್ಲಾ ಅಳ್ಳಾಡತೈತಿ."

ರೇಷ್ಮಾ ನಾಗವ್ವನ ಭುಜ ಒಂದು ಚುಕ್ಕಿ ಮೇಲೇರಿಸಿದಳು, ಒಂದು ಚುಕ್ಕಿ ಇಳಿಸಿದಳು. ಟೊಂಕದ ಮೇಲಿನ ಕೊಡ ಅಲುಗಾಡಿ, ನಾಲ್ಕು ನೀಲಿ ಚುಕ್ಕಿ ನೀರು ಹೊರಗೆ ತುಳುಕಿತು. ಅಷ್ಟೇ ಸಾಕಾಯಿತು. ನಾಗವ್ವ ನಕ್ಕಳು.

ಬಾಯಾರು ತಾವು ಕಲಿಸಿದ್ದ ಶಾಲೆಗೆ ಮೊದಲು ಗೇಮನ್ನು ಕೊಂಡೊಯ್ದರು. ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ಓಡಿತು. ಏಳನೇ ಇಯತ್ತೆಯ ಮಕ್ಕಳು ಗುಂಪುಗೂಡಿ ಆಡಿದರು. ಹದಿನೆಂಟನೇ ಮೊಳ ಮುಟ್ಟಿದ ಕೂಡಲೇ ಗದ್ದಲವೋ ಗದ್ದಲ. ಆಮೇಲೆ ಒಬ್ಬಳು ಕೇಳಿದಳು, "ಬಾಯಾರ, ಅಕಿ ಯಾಕ ನಕ್ಕಳ್ರಿ?" ನೀರು ಬಂತಲ್ಲ ಅದಕ್ಕೆ ಎಂದ ಒಬ್ಬ. ಭಾವನ ಮುಖ ನೋಡಿ ನಕ್ಕಳು ಎಂದಳು ಇನ್ನೊಬ್ಬಳು. ಇಲ್ಲ, ಎಲ್ಲರಿಗೂ ನೀರು ಕೊಟ್ಟು ನಕ್ಕಳು ಎಂದ ಮತ್ತೊಬ್ಬ. ಜಗಳವೇ ಆಯಿತು. ಆ ವಾರ ಶಾಲೆಯ ಕಪಾಟಿನಲ್ಲಿದ್ದ 'ಹದಿನೆಂಟು ಮೊಳ' ಹನ್ನೊಂದು ಕೈ ಬದಲಾಯಿಸಿತು.

ನೂರು ಶಾಲೆಗೆ ಹೋಗಬೇಕಿದ್ದ ಗೇಮ್ ಆ ವರ್ಷ ಹದಿನಾಲ್ಕು ಶಾಲೆಗೆ ಹೋಯಿತು. ಆ ಪುಟ್ಟ ಅಕ್ಷರಗಳನ್ನು ರೇಷ್ಮಾ ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಳು. ಅವುಗಳಿಂದ ಬೀದರಿನ ಇಬ್ಬರು ಗೆಳತಿಯರು ಇನ್ನೊಂದು ಹಳೆಯ ಕಾದಂಬರಿಯನ್ನು ಗೇಮ್ ಮಾಡಲು ಕೂತಿದ್ದಾರೆ.

ವಿರೂಪಾಕ್ಷಪ್ಪ ಏನು ಮಾಡಿದರು ಗೊತ್ತೇ? ಬಾಯಾರಿಂದ ಒಂದು ಒಪ್ಪಿಗೆಯ ಪತ್ರ ಬರೆಸಿಕೊಂಡರು. ಒಂದು ಕರಿ ಶಾಯಿಯ ಪೆನ್ನು ಕೊಂಡರು. ಈಗ ಅವರು ವಾರಕ್ಕೊಂದು ಊರಿನ ವಾಚನಾಲಯಕ್ಕೆ ಹೋಗುತ್ತಾರೆ. ಪತ್ರ ತೋರಿಸಿ 'ಹದಿನೆಂಟು ಮೊಳ' ಕೇಳಿ ಪಡೆಯುತ್ತಾರೆ. ಕೊನೆಯ ಪುಟ ತೆರೆದು, ಒಂದು ಮಾತಿನ ಮೇಲೆ ಸಣ್ಣ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಮಾತನ್ನು ಬರೆಯುತ್ತಾರೆ. ಅಚ್ಚಿನ ಅಕ್ಷರದಷ್ಟೇ ಚೆಂದ ಬರೆಯುತ್ತಾರೆ. ಶಾಯಿ ಒಣಗುವವರೆಗೆ ಪುಟಕ್ಕೆ ಊದುತ್ತ ಕೂರುತ್ತಾರೆ. ಹೋದ ವಾರದವರೆಗೆ ನಲವತ್ತಮೂರು ಪುಸ್ತಕ ಆಗಿವೆ. ಮುಂದಿನ ವಾರ ರೋಣಕ್ಕೆ ಹೋಗುವವರಿದ್ದಾರೆ.

ನೀತಿ: ಜಾಗ ಸಾಲದು, ಹೊತ್ತು ಸಾಲದು ಎಂದು ಇನ್ನೊಬ್ಬರ ಮಾತನ್ನು ಮೊಟಕು ಮಾಡಬೇಡಿ. ಅದೇ ಇಕ್ಕಟ್ಟಿನಲ್ಲಿ ಮೊದಲು ದುಡಿದವರನ್ನು ಹುಡುಕಿ ಕೇಳಿ, ದಾರಿ ಸಿಗುತ್ತದೆ. ಎಂದೋ ತಪ್ಪು ಮಾಡಿದ್ದರೆ, ಎಷ್ಟು ವರ್ಷವಾಗಿದ್ದರೂ ಹೋಗಿ ಹೇಳಿಬಿಡಿ. ಅದನ್ನು ಕೇಳಲು ಯಾರೋ ಇನ್ನೂ ಕಾಯುತ್ತಿರಬಹುದು.